ಆರ್ಕೆಸ್ಟ್ರಾದಿಂದ ಸ್ವಂತ ಹಾಡಿನವರೆಗೆ: ಹುಬ್ಬಳ್ಳಿ-ಧಾರವಾಡದ ಪಾಪ್ ಗಾಯಕರಿಗೊಂದು ಕೈಪಿಡಿ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳ ಕಡೆ ಪಾಪ್ ಹಾಡಬೇಕೆಂದು ಆಸೆಪಡುವ ಹೆಚ್ಚಿನವರು ಮೊದಲು ಮೈಕ್ ಹಿಡಿಯುವುದು ಕಾಲೇಜಿನ ಗ್ಯಾದರಿಂಗಿನಲ್ಲಿ, ಆಮೇಲೆ ಯಾವುದಾದರೂ ಆರ್ಕೆಸ್ಟ್ರಾದಲ್ಲಿ ಅಥವಾ ಗೆಳೆಯರು ಸೇರಿ ಕಟ್ಟಿಕೊಂಡ ಬ್ಯಾಂಡಿನಲ್ಲಿ. ಗಣಪತಿ ಪೆಂಡಾಲು, ಊರ ಜಾತ್ರೆ, ಮದುವೆಯ ಆರತಕ್ಷತೆ, ಸಂಘದ ವಾರ್ಷಿಕೋತ್ಸವ ಎಂದು ವರ್ಷವೆಲ್ಲ ಹಾಡುತ್ತ ಹೋದವರಿಗೆ ಬೇರೆ ಯಾವ ಶಾಲೆಯೂ ಕಲಿಸಲಾರದ ಸಂಗತಿಗಳು ಕೈವಶವಾಗುತ್ತವೆ. ಮಾನಿಟರ್ ಸ್ಪೀಕರ್ ಕೈಕೊಟ್ಟರೂ ಶ್ರುತಿ ಬಿಡದೆ ಹಾಡುವುದು, ಜನ ಎದ್ದು ಹೊರಡುವ ಹೊತ್ತಿಗೆ ಯಾವ ಹಾಡು ಎತ್ತಿಕೊಳ್ಳಬೇಕೆಂದು ತಿಳಿಯುವುದು, ಗಂಟಲು ಕಟ್ಟಿದ ದಿನವೂ ಮೂರು ತಾಸು ನಿಭಾಯಿಸುವುದು, ಇವೆಲ್ಲ ವೇದಿಕೆಯ ಮೇಲೆಯೇ ಬರಬೇಕಾದ ವಿದ್ಯೆಗಳು. ಆದರೆ ತೀರ್ಮಾನ ಮಾಡುವುದನ್ನು ಆರ್ಕೆಸ್ಟ್ರಾ ಕಲಿಸುವುದಿಲ್ಲ. ಯಾವ ಹಾಡು ಎಂಬುದನ್ನು ಕಮಿಟಿಯವರು ಹೇಳುತ್ತಾರೆ, ಯಾವ ಶ್ರುತಿ ಎಂಬುದನ್ನು ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯಗಳ ಟ್ರ್ಯಾಕ್ ಹೇಳುತ್ತದೆ, ಮಾತು ಇನ್ಯಾರೋ ಬರೆದದ್ದಾಗಿರುತ್ತದೆ, ಹಣದ ಲೆಕ್ಕ ತಂಡದ ಮಾಲೀಕರ ಬಳಿ ಇರುತ್ತದೆ. ಸ್ವಂತ ಹಾಡಿನ ದಾರಿ ಹಿಡಿಯುವವರು ಈ ತೀರ್ಮಾನಗಳನ್ನು ಒಂದೊಂದಾಗಿ ತಮ್ಮ ಕೈಗೆ ತೆಗೆದುಕೊಳ್ಳಬೇಕಾಗುತ್ತದೆ, ಮತ್ತು ಆ ಕೆಲಸವನ್ನು ತಂಡದಲ್ಲಿ ಇರುವಾಗಲೇ ಶುರುಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ತಂಡದಲ್ಲಿ ಇರುವಾಗಲೇ

ಐದಾರು ಹಾಡುಗಳು ಪೂರ್ತಿಯಾಗಿ ಕೈಯಲ್ಲಿ ಇಲ್ಲದೆ ತಂಡ ಬಿಡಬಾರದು. ಪೂರ್ತಿ ಎಂದರೆ ಪಲ್ಲವಿ, ಚರಣ, ಮುಕ್ತಾಯ ಮೂರೂ ನಿಶ್ಚಯವಾಗಿದ್ದು, ಕೀಬೋರ್ಡು, ಪ್ಯಾಡು, ಟ್ರ್ಯಾಕು ಎಲ್ಲವನ್ನೂ ಬದಿಗಿಟ್ಟು ಒಂದು ಗಿಟಾರು ಅಥವಾ ಒಂದು ಹಾರ್ಮೋನಿಯಂ ಜೊತೆಗೆ ಹಾಡಿದಾಗಲೂ ನಿಲ್ಲುವ ಹಾಡು. ಬರಿಯ ತಂಬೂರಿಯ ಮೇಲೆ ಸಪ್ಪೆಯೆನಿಸುವ ಹಾಡಿಗೆ ಎಷ್ಟು ವಾದ್ಯ ತುಂಬಿಸಿದರೂ ಅದು ಸಪ್ಪೆಯಾಗಿಯೇ ಉಳಿಯುತ್ತದೆ. ವೇದಿಕೆಯ ಗದ್ದಲದಲ್ಲಿ ಅದು ಗೊತ್ತಾಗುವುದಿಲ್ಲ, ಇಯರ್‌ಫೋನ್ ಹಾಕಿಕೊಂಡು ಕೇಳುವವರಿಗೆ ಮೊದಲ ಅರ್ಧ ನಿಮಿಷದಲ್ಲೇ ಗೊತ್ತಾಗುತ್ತದೆ.

ಬರೆಯಲು ಸಮಯ ಎಲ್ಲಿದೆ ಎಂದು ಕೇಳುವವರು ನಮ್ಮ ಕಡೆಯ ಪಂಚಾಂಗವನ್ನೊಮ್ಮೆ ನೋಡಬೇಕು. ಭಾದ್ರಪದದಲ್ಲಿ ಗಣಪತಿ ಕೂತರೆ ಅಲ್ಲಿಂದ ದಸರೆಯವರೆಗೆ ಬಿಡುವಿಲ್ಲ, ತುಳಸಿ ಲಗ್ನ ಮುಗಿದ ಮೇಲೆ ಮದುವೆಗಳು, ಸುಗ್ಗಿ ಆದ ಮೇಲೆ ಜಾತ್ರೆಗಳು, ನಡುವೆ ಕಾಲೇಜುಗಳ ಗ್ಯಾದರಿಂಗು. ಆದರೆ ಆಷಾಢದಲ್ಲಿ ಮದುವೆಗಳಿಲ್ಲ, ಧನುರ್ಮಾಸದಲ್ಲೂ ಇಲ್ಲ. ಆರ್ಕೆಸ್ಟ್ರಾದವರು ಕೈ ಕಟ್ಟಿ ಕೂರುವ ಈ ಎರಡು ತಿಂಗಳುಗಳನ್ನು ಬರವಣಿಗೆಗೂ ರೆಕಾರ್ಡಿಂಗಿಗೂ ಮೀಸಲಿಡಬೇಕು. ಆಷಾಢದಲ್ಲಿ ದನಿ ಹಿಡಿದಿಟ್ಟು ಶ್ರಾವಣದಲ್ಲಿ ಮಿಕ್ಸಿಂಗ್ ಮುಗಿಸಿದರೆ ಗಣಪತಿಯ ಹೊತ್ತಿಗೆ ಹೊಸ ಹಾಡು ಕೈಯಲ್ಲಿರುತ್ತದೆ. ಉಳಿದ ದಿನಗಳಲ್ಲಿ ಹೊಳೆದ ಸಾಲನ್ನು, ಗುನುಗಿದ ಧಾಟಿಯನ್ನು ಆಗಿಂದಾಗಲೇ ಫೋನಿನಲ್ಲಿ ಹಾಡಿಟ್ಟು, ಫೈಲಿಗೆ ತಾರೀಕು ಸೇರಿಸಿ ಹೆಸರು ಕೊಡಬೇಕು. ಮುಂದೆ ಯಾವಾಗಲಾದರೂ ಧಾಟಿ ಯಾರದು ಎಂಬ ಮಾತು ಬಂದರೆ ಆ ತಾರೀಕೇ ನಿಮ್ಮ ಸಾಕ್ಷಿ.

ತಂಡದಲ್ಲಿರುವಾಗ ಕಲಿಯಬೇಕಾದ ಇನ್ನೊಂದು ವಿಷಯ ಸೌಂಡ್ ನೋಡಿಕೊಳ್ಳುವವರ ಕೈಯಲ್ಲಿದೆ. ಮಿಕ್ಸರಿನ ಯಾವ ಗುಂಡಿ ಏನು ಮಾಡುತ್ತದೆ, ಮೈಕ್ ಕೂಗುವುದು ಯಾಕೆ, ನಿಮ್ಮ ದನಿಯ ಯಾವ ಭಾಗ ಮಸುಕಾಗುತ್ತದೆ ಎಂಬುದನ್ನು ಕಾರ್ಯಕ್ರಮಕ್ಕೆ ಒಂದು ತಾಸು ಮೊದಲೇ ಹೋಗಿ ಅವರ ಬಳಿ ನಿಂತು ಕೇಳಿಕೊಳ್ಳಬೇಕು. ತಂಡದ ಗಳಿಕೆಯಲ್ಲಿ ಮೊದಲು ಕೊಳ್ಳಬೇಕಾದದ್ದು ಸ್ವಂತ ಮೈಕ್. ಹಾಗೆಯೇ ಸ್ವಂತ ಹಾಡು ಮಾಡುತ್ತಿರುವುದನ್ನು ಮಾಲೀಕರಿಂದ ಮುಚ್ಚಿಡಬಾರದು. «ಅಣ್ಣಾ, ನಾ ನನ್ನ ಹಾಡ ಮಾಡಾಕತ್ತೀನಿ, ಆದ್ರ ಗಣಪತಿ ಹಬ್ಬದ ಕಾರ್ಯಕ್ರಮ ಒಂದೂ ತಪ್ಪಸೂದಿಲ್ಲ» ಎಂದು ಎದುರಿಗೆ ಕೂತು ಹೇಳಿದ ಹುಡುಗನಿಗೆ ಅದೇ ಮಾಲೀಕರು ಮುಂದೆ ತಮ್ಮ ಸ್ಪೀಕರ್ ಸೆಟ್ಟನ್ನು ಕೊಟ್ಟು ಕಳಿಸುತ್ತಾರೆ. ಅವಳಿ ನಗರದಲ್ಲಿ ವಾದ್ಯದವರು, ಸೌಂಡಿನವರು, ಪೆಂಡಾಲಿನವರು ಎಲ್ಲರೂ ಒಬ್ಬರಿಗೊಬ್ಬರು ಪರಿಚಿತರು. ಒಪ್ಪಿಕೊಂಡ ತಾರೀಕನ್ನು ಕೈಬಿಟ್ಟವರ ಸುದ್ದಿ ಗದಗಿಗೂ ಮುಟ್ಟುತ್ತದೆ.

ನಿಮ್ಮ ಶ್ರುತಿ

ಟ್ರ್ಯಾಕ್ ಹಾಕಿಕೊಂಡು ಹಾಡುವವರಿಗೆ ಮೂಲ ಗಾಯಕರ ಶ್ರುತಿಯೇ ತಮ್ಮ ಶ್ರುತಿಯಾಗಿಬಿಡುತ್ತದೆ. ಎಷ್ಟೋ ವರ್ಷ ಹಾಡಿದವರಿಗೂ ತಮ್ಮ ಸ್ವಂತ ಷಡ್ಜ, ಅಂದರೆ ಆಧಾರದ ಸ ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಅದನ್ನು ಕಂಡುಕೊಳ್ಳಲು ಫೋನಿನ ತಂಬೂರಿ ಆ್ಯಪ್ ಸಾಕು. ಗಂಡಸರು ಬಿಳಿ 1ರಿಂದ (ಹಾರ್ಮೋನಿಯಂನ ಮೊದಲ ಬಿಳಿ ಮನೆಯಿಂದ) ಶುರುಮಾಡಿ ಬಿಳಿ 2ರವರೆಗೂ, ಹೆಂಗಸರು ಕಪ್ಪು 3ರಿಂದ ಕಪ್ಪು 5ರವರೆಗೂ ಒಂದೊಂದೇ ಮನೆ ಏರಿಸುತ್ತ ನೋಡಬೇಕು. ಹೆಚ್ಚಿನವರ ಷಡ್ಜ ಈ ಮಿತಿಯೊಳಗೆ ಎಲ್ಲೋ ಒಂದು ಕಡೆ ಸಿಗುತ್ತದೆ. ಮಂದ್ರದ ಪಂಚಮ ಗಾಳಿಯಾಗದೆ, ತಾರದ ಗಾಂಧಾರ ಕಿರುಚದೆ ಬರುವ ಜಾಗವೇ ನಿಮ್ಮದು. ಬೆಳಗ್ಗೆ ದನಿ ತಗ್ಗಿರುತ್ತದೆ, ಸಂಜೆ ತುಸು ಏರಿರುತ್ತದೆ, ಆದ್ದರಿಂದ ಎರಡೂ ಹೊತ್ತು ಪರೀಕ್ಷಿಸಬೇಕು.

ಪಾಪ್ ಹಾಡಿಗೆ ಷಡ್ಜವೊಂದೇ ಸಾಲದು. ಆಯಾ ಹಾಡಿನ ಅತಿ ಕೆಳಗಿನ ಸ್ವರ ಯಾವುದು, ಅತಿ ಮೇಲಿನದು ಯಾವುದು ಎಂದು ಬರೆದುಕೊಂಡು, ಮೇಲಿನ ಸ್ವರ ನಿಮ್ಮ ಕೊನೆಯ ಮಿತಿಗಿಂತ ಒಂದೆರಡು ಸ್ವರ ಕೆಳಗೆ ಉಳಿಯುವಂತೆ ಶ್ರುತಿಯನ್ನು ಹೊಂದಿಸಬೇಕು. ರೆಕಾರ್ಡಿಂಗಿನಲ್ಲಿ ಒಂದು ಸಲ ಏರಿದರೆ ಸಾಕು, ಆದರೆ ಅದೇ ಸ್ವರ ವೇದಿಕೆಯ ಮೇಲೆ ಹದಿನೈದನೆಯ ಹಾಡಾಗಿ ಬಂದಾಗಲೂ ಏರಬೇಕಲ್ಲ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯನ್ನೋ ಗಿಟಾರಿನ ಕೇಪೋವನ್ನೋ ಬಳಸಿ ಅರ್ಧರ್ಧ ಸ್ವರ ಸರಿಸಿ ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಶ್ರುತಿ ಇಳಿಸುವುದನ್ನು ಸೋಲು ಎಂದು ಭಾವಿಸುವ ರೂಢಿ ನಮ್ಮ ಆರ್ಕೆಸ್ಟ್ರಾಗಳಲ್ಲಿದೆ, ಅದು ಹೋಗಬೇಕು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಡುದನಿಯಷ್ಟು ಆಳಕ್ಕೆ ಇಳಿಯಿತು. ಅವರು ಆ ಆಳದಲ್ಲಿಯೇ ನಿಂತು ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆಯ ಗಾಯನವನ್ನು ಹಾಡಿದರು, ಕೇಳುಗರು ಆ ದನಿಗಾಗಿಯೇ ಬಂದರು.

ಶ್ರುತಿಯ ಜೊತೆಗೆ ಅನುಕರಣೆಯೂ ಕಳಚಬೇಕು. ಡಾ. ರಾಜಕುಮಾರ್ ಹಾಡಿಗೊಂದು ದನಿ, ಎಸ್‌ಪಿಬಿ ಹಾಡಿಗೊಂದು ದನಿ ತೆಗೆಯುವುದು ಆರ್ಕೆಸ್ಟ್ರಾದಲ್ಲಿ ಗುಣ. ನಿಮ್ಮದೇ ಹಾಡಿನಲ್ಲಿ ಅದು ನಿಮ್ಮನ್ನು ಅಡಗಿಸುತ್ತದೆ. ಹಾಡಿನ ಮಾತುಗಳನ್ನು ಮೊದಲು ಮನೆಯವರೊಡನೆ ಮಾತಾಡುವಂತೆ ಹೇಳಿ ರೆಕಾರ್ಡ್ ಮಾಡಿ, ಆಮೇಲೆ ಹಾಡಿ ರೆಕಾರ್ಡ್ ಮಾಡಿ, ಎರಡನ್ನೂ ಒಂದಾದ ಮೇಲೊಂದು ಕೇಳಿದರೆ ಬೇರೆಯವರ ದನಿ ಎಲ್ಲಿ ನುಸುಳುತ್ತದೆ ಎಂಬುದು ಗೊತ್ತಾಗುತ್ತದೆ. ಹೆಚ್ಚಾಗಿ ಅದು ಸಾಲಿನ ಕೊನೆಯ ಕಂಪನದಲ್ಲಿರುತ್ತದೆ.

ಮಾತು ಬರೆಯುವ ಬಗೆ

ಸಿನಿಮಾ ಹಾಡು ಹಾಡಿ ಬೆಳೆದವರು ಬರೆಯಲು ಕೂತಾಗ ಮೊದಲು ಬರುವುದು ಸಿನಿಮಾ ಕನ್ನಡವೇ. ಅದನ್ನು ಒಂದು ಹಾಳೆಯ ಮೇಲೆ ಬರೆದು ಮುಗಿಸಿ, ಅದೇ ವಿಷಯವನ್ನು ನಿಮ್ಮ ಮನೆಯಲ್ಲಿ ಆಡುವ ಮಾತಿನಲ್ಲಿ ಮತ್ತೊಮ್ಮೆ ಬರೆಯಿರಿ. ಉತ್ತರ ಕರ್ನಾಟಕದ ಮಾತನ್ನು ನಗಿಸುವುದಕ್ಕೆ ಮಾತ್ರ ಬಳಸುವ ಚಾಳಿ ಬೆಳೆದುಬಿಟ್ಟಿರುವುದರಿಂದ ಪ್ರೇಮಗೀತೆಗೆ, ದುಃಖದ ಹಾಡಿಗೆ ಅದು ಒಗ್ಗುವುದಿಲ್ಲವೆಂದು ನಮ್ಮವರೇ ನಂಬಿದ್ದಾರೆ. ಶರೀಫರೂ ಬೇಂದ್ರೆಯವರೂ ಈ ಮಾತಿನಲ್ಲಿಯೇ ಅತ್ಯಂತ ಗಂಭೀರವಾದುದನ್ನು ಹೇಳಿದ ನೆಲದಲ್ಲಿ ಈ ನಂಬಿಕೆಗೆ ಆಧಾರವಿಲ್ಲ.

ಧಾಟಿಯ ದೃಷ್ಟಿಯಿಂದಲೂ ಆಡುಮಾತಿನಲ್ಲಿ ಒಂದು ದೊಡ್ಡ ಅನುಕೂಲವಿದೆ. «ಕಾಯುತ್ತಿರುವೆನು» ಎಂಬ ಗ್ರಾಂಥಿಕ ರೂಪದ ಕೊನೆಯಲ್ಲಿ ತ್ತಿ, ರು, ವೆ, ನು ಎಂದು ನಾಲ್ಕು ಲಘುಗಳು ಸಾಲಾಗಿ ನಿಲ್ಲುತ್ತವೆ, ಅಲ್ಲಿ ದನಿಗೆ ತಂಗಲು ಜಾಗವಿಲ್ಲ. «ನೋಡಾಕತ್ತೀನಿ» ಎಂದಾಗ ನೋ, ಡಾ, ಕ, ತ್ತೀ ಎಂದು ನಾಲ್ಕು ಗುರುಗಳು ಬಂದು ಕೊನೆಗೊಂದು ಲಘು ಬರುತ್ತದೆ. ಡಾ ಮೇಲೂ ತ್ತೀ ಮೇಲೂ ಬೇಕಾದಷ್ಟು ಹೊತ್ತು ನಿಲ್ಲಬಹುದು. ಕೆಲವರ ಮನೆಯಲ್ಲಿ ಇದು «ನೋಡ್ಲಿಕ್ಕತ್ತೀನಿ» ಆಗುತ್ತದೆ, ಅದರ ನಡೆಯೇ ಬೇರೆ. ನಿಮ್ಮ ಮನೆಯ ರೂಪವನ್ನೇ ಇಟ್ಟುಕೊಳ್ಳಿ, ಒಂದೇ ಹಾಡಿನಲ್ಲಿ ಎರಡನ್ನೂ ಬೆರೆಸಬೇಡಿ.

ಕನ್ನಡದಲ್ಲಿ ಹ್ರಸ್ವ, ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ ಎಂಬುದನ್ನು ಇಂಗ್ಲಿಷ್ ಪಾಪ್ ಕೇಳಿ ಧಾಟಿ ಹಾಕುವವರು ಮರೆಯುತ್ತಾರೆ. ಬಳೆ ಎಂಬಲ್ಲಿ ಬ ಅಕ್ಷರವನ್ನು ಎರಡು ಬೀಟು ಎಳೆದರೆ ಕೇಳುವವರಿಗೆ ಬಾಳೆ ಕೇಳಿಸುತ್ತದೆ. ಆದ್ದರಿಂದ ಧಾಟಿಯಲ್ಲಿ ಉದ್ದ ಸ್ವರ ಬರುವ ಜಾಗವನ್ನು ಮೊದಲೇ ಗುರುತಿಸಿಕೊಂಡು, ಅಲ್ಲಿಗೆ ದೀರ್ಘಾಕ್ಷರ ಬೀಳುವಂತೆ ಪದವನ್ನು ಆರಿಸಬೇಕು. ಒತ್ತಕ್ಷರಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕತ್ತಲು ಎಂಬಲ್ಲಿ ಕ ಛಂದಸ್ಸಿನ ಲೆಕ್ಕಕ್ಕೆ ಗುರುವಾದರೂ ಅದನ್ನು ಎಳೆಯಲಾಗದು, ಎಳೆದರೆ ಕಾತ್ತಲು ಆಗುತ್ತದೆ. ಅಲ್ಲಿನ ಉದ್ದ ಇರುವುದು ತ್ತ ಎಂಬಲ್ಲಿ ಉಸಿರು ಕ್ಷಣ ನಿಲ್ಲುವುದರಲ್ಲಿ, ಆ ಕ್ಷಣಕ್ಕೆ ಒಂದು ಪೆಟ್ಟು ಕೊಟ್ಟರೆ ತಾಳ ಗಟ್ಟಿಯಾಗುತ್ತದೆ. ಕಣ್ಣು, ಬೆಲ್ಲ, ಅಮ್ಮ ಎಂಬ ಪದಗಳಲ್ಲಾದರೆ ಣ್, ಲ್, ಮ್ ಮೇಲೆ ದನಿಯನ್ನು ಗುಂಯ್‌ಗುಡಿಸುತ್ತ ನಿಲ್ಲಬಹುದು. ಇದನ್ನು ತಿಳಿದು ಬರೆದ ಸಾಲು ಹಾಡುವಾಗ ಬಾಯಿಗೆ ಒಗ್ಗುತ್ತದೆ, ಕೇಳುವವರಿಗೂ ಮೊದಲ ಸಲಕ್ಕೇ ಅರ್ಥವಾಗುತ್ತದೆ.

ವಿಷಯಕ್ಕಾಗಿ ದೂರ ಹೋಗಬೇಕಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಉಣಕಲ್ಲಿನ ನಿಲ್ದಾಣದಲ್ಲಿ ಯಾರಿಗೋ ಕಾಯುತ್ತ ನಿಂತವರ ಹಾಡನ್ನು ಉದಾಹರಣೆಗೆ ತೆಗೆದುಕೊಳ್ಳೋಣ. «ಚಿಗರಿ ಬಂತು, ಚಿಗರಿ ಹೋತು, ನೀ ಇನ್ನೂ ಬರಲಿಲ್ಲ» ಎಂದು ಪಲ್ಲವಿ ಎತ್ತಿದರೆ ಚಿಗರಿ, ಬಂತು, ಚಿಗರಿ, ಹೋತು ಎಂಬ ನಾಲ್ಕೂ ಮೂರು ಮೂರು ಮಾತ್ರೆಗಳಾಗಿ ಆರು ಮಾತ್ರೆಯ ದಾದರಾ ತಾಳದ ನಡೆಗೆ ಸರಿಯಾಗಿ ಕೂರುತ್ತವೆ. ಮೂರು ಲಘುಗಳ ಚಿಗರಿ ಬಸ್ಸಿನ ವೇಗದಲ್ಲಿಯೇ ದಾಟಿಹೋಗುತ್ತದೆ, ನಂತರದ ನೀ ಮೇಲೆ ದನಿ ಇಡೀ ಒಂದು ಆವರ್ತನ ನಿಲ್ಲಬಹುದು. ಅವಳಿ ನಗರದವರಿಗೆ ಚಿಗರಿ ಯಾವುದೆಂದು ಹೇಳಬೇಕಿಲ್ಲ. ಬೀದರಿನಲ್ಲಿಯೋ ಮಂಗಳೂರಿನಲ್ಲಿಯೋ ಕೇಳುವವರಿಗೆ ಅದು ಜಿಂಕೆಯಾಗಿ ಕೇಳಿಸಿದರೂ ಹಾಡು ಕೆಡುವುದಿಲ್ಲ.

ರೂಪಕ್ಕಾಗಿ ನಮ್ಮ ಹಳ್ಳಿಗಳ ಹಾಡನ್ನು ಕೇಳಬೇಕು. ಬೀಸುವ ಕಲ್ಲಿನ ತ್ರಿಪದಿಯಲ್ಲಿ ಇರುವುದು ಮೂರೇ ಸಾಲು, ಆದರೆ ಹಾಡುವಾಗ ನಡುವಿನ ಸಾಲಿನ ಭಾಗವನ್ನು ಮರಳಿ ಎತ್ತಿಕೊಂಡೇ ಮೂರನೆಯದಕ್ಕೆ ಹೋಗುತ್ತಾರೆ. ಕೇಳುವವರ ನೆನಪಿನಲ್ಲಿ ಸಾಲನ್ನು ಊರುವ ಈ ಉಪಾಯ ಇಂದಿನ ಪಾಪ್ ಹಾಡಿಗೂ ಚೆನ್ನಾಗಿ ಒದಗುತ್ತದೆ. ಗೀಗೀ ಪದದಲ್ಲಿ ಮುಂದಿನವರು ಎಸೆದ ಸಾಲನ್ನು ಹಿಮ್ಮೇಳದವರು ಹಿಡಿಯುವ ರೀತಿಯನ್ನು ಗಮನಿಸಿದರೆ ಜನರಿಂದ ಹಾಡಿಸುವ ಪಲ್ಲವಿಯನ್ನು ಹೇಗೆ ಕಟ್ಟಬೇಕೆಂಬುದು ತಿಳಿಯುತ್ತದೆ. ಆದರೆ ಊರಿನ ಗುರುತಿಗಾಗಿ ಮಾತ್ರ ಡೊಳ್ಳು, ಜಗ್ಗಲಗಿಗಳನ್ನು ಹಾಡಿನ ಮೇಲೆ ಹೇರುವುದನ್ನು ನಾನು ಒಪ್ಪುವುದಿಲ್ಲ. ಹೋಳಿಯ ಹೊತ್ತಿಗೆ ಜಗ್ಗಲಗಿ ಬಾರಿಸುವವರ ಪೆಟ್ಟು ನಿಮ್ಮ ಸಾಲಿನ ನಡೆಯಲ್ಲಿಯೇ ಇದ್ದರೆ ಅದು ಬರಲಿ, ಇಲ್ಲದಿದ್ದರೆ ಬೇಡ.

ಹಾಡು ಯಾರದು

ವೇದಿಕೆಯ ಮೇಲೆ ಯಾರ ಹಾಡನ್ನಾದರೂ ಹಾಡಿ ರೂಢಿಯಾದವರಿಗೆ ಹಕ್ಕಿನ ವಿಚಾರ ಮೊದಮೊದಲು ತೊಡಕೆನಿಸುತ್ತದೆ. ರೆಕಾರ್ಡ್ ಮಾಡಿ ಜಗತ್ತಿಗೆ ಬಿಡುವಾಗ ಅದನ್ನು ತಿಳಿಯದೆ ಒಂದು ಹೆಜ್ಜೆಯನ್ನೂ ಇಡಬಾರದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಮಾತಿನ ಹಕ್ಕು ಬರೆದವರದು, ಧಾಟಿಯ ಹಕ್ಕು ಸಂಯೋಜಿಸಿದವರದು, ರೆಕಾರ್ಡಿಂಗಿನ ಹಕ್ಕು ಅದನ್ನು ಹೊಣೆ ಹೊತ್ತು ಮಾಡಿಸಿದವರದು. ಮೊದಲೆರಡು ಹಕ್ಕುಗಳು ಕರ್ತೃವಿನ ಜೀವಿತಾವಧಿ ಮುಗಿದ ಮರುವರ್ಷದಿಂದ 60 ವರ್ಷ ಇರುತ್ತವೆ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು, ಅವರ ಪದಗಳಿಗೆ ಹೊಸ ಧಾಟಿ ಹಾಕಿ ಯಾರು ಬೇಕಾದರೂ ಹಾಡಬಹುದು. ಆದರೆ ನಮಗೆಲ್ಲ ಬಾಯಿಪಾಠವಾಗಿರುವ ಅನೇಕ ಧಾಟಿಗಳು ಸಿ. ಅಶ್ವತ್ಥ್ ಅವರು ಹಾಕಿದವು. ಅಶ್ವತ್ಥ್ 2009ರಲ್ಲಿ ತೀರಿಕೊಂಡರು, ಆ ಧಾಟಿಗಳ ಹಕ್ಕು ಇನ್ನೂ ದಶಕಗಳ ಕಾಲ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅವರ ಕವಿತೆಯನ್ನು 2041ರ ಕೊನೆಯವರೆಗೆ ಅನುಮತಿ ಪಡೆಯದೆ ಹಾಡಾಗಿ ಬಿಡುಗಡೆ ಮಾಡುವಂತಿಲ್ಲ. ಜನಪದ ಹಾಡು ಎಲ್ಲರದೂ ಹೌದು, ಆದರೆ ಒಬ್ಬರು ಅದನ್ನು ರೆಕಾರ್ಡ್ ಮಾಡಿದ ಟ್ರ್ಯಾಕು ಅವರದು.

ಬ್ಯಾಂಡಿನಲ್ಲಿದ್ದಾಗ ಎಲ್ಲರೂ ಸೇರಿ ಕಟ್ಟಿದ ಹಾಡನ್ನು ಒಬ್ಬರೇ ಹೊರಬಂದು ತಮ್ಮ ಹೆಸರಿನಲ್ಲಿ ಬಿಡುವುದರಿಂದ ಸ್ನೇಹವೂ ಹೋಗುತ್ತದೆ, ಹಾಡೂ ಹೋಗುತ್ತದೆ. ಪ್ರತಿ ಹಾಡಿಗೂ ಒಂದು ಹಾಳೆ ಮಾಡಿ, ಮಾತು ಯಾರದು, ಧಾಟಿ ಯಾರದು, ವಾದ್ಯ ಸಂಯೋಜನೆ ಯಾರದು, ಬಂದ ಹಣದಲ್ಲಿ ಯಾರ ಪಾಲು ಎಷ್ಟು ಎಂದು ಬರೆದು ಎಲ್ಲರೂ ಸಹಿ ಮಾಡಬೇಕು. ಕೀಬೋರ್ಡ್ ಪ್ರೋಗ್ರಾಮಿಂಗ್ ಮಾಡಿಕೊಟ್ಟವರಿಗೆ ಒಮ್ಮೆಗೆ ಸಂಭಾವನೆಯೋ ಅಥವಾ ಪಾಲೋ ಎಂಬುದನ್ನೂ ಅದೇ ಹಾಳೆಯಲ್ಲಿ ಸೇರಿಸಬೇಕು. ಇದನ್ನು ಹಾಡು ಹೆಸರು ಮಾಡುವ ಮೊದಲು ಮಾಡಿದರೆ ಅರ್ಧ ತಾಸಿನ ಕೆಲಸ.

ನಮ್ಮ ಭಾಗದಲ್ಲಿ ಹಾಡು ಕೊಳ್ಳುವ ಯೂಟ್ಯೂಬ್ ಚಾನೆಲ್ಲುಗಳೂ ಆಡಿಯೋ ಕಂಪನಿಗಳೂ ಸಾಕಷ್ಟಿವೆ. ಒಂದಿಷ್ಟು ಮೊತ್ತ ಕೈಗಿಟ್ಟು ಬಾಂಡ್ ಪೇಪರಿನ ಮೇಲೆ ಸಹಿ ಕೇಳುವುದು ರೂಢಿ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಯಾವ ಹಾಡು, ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ಎಷ್ಟು ರಾಯಧನ ಎಂಬುದು ಅದರಲ್ಲಿ ಇರಬೇಕೆಂದು ಕಾಯ್ದೆ ಹೇಳುತ್ತದೆ. ಅವಧಿ ಬರೆಯದಿದ್ದರೆ 5 ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತವೆಂದೂ ಪರಿಗಣಿಸಲಾಗುತ್ತದೆ. ಆದ್ದರಿಂದ «ಶಾಶ್ವತವಾಗಿ», «ಜಗತ್ತಿನಾದ್ಯಂತ», «ಮುಂದೆ ರಚಿಸುವ ಎಲ್ಲ ಹಾಡುಗಳು» ಎಂಬ ಮಾತುಗಳು ಕಂಡಲ್ಲಿ ಪೆನ್ನು ಕೆಳಗಿಟ್ಟು, ತಿಳಿದ ವಕೀಲರೊಬ್ಬರಿಗೆ ತೋರಿಸಬೇಕು. ಹಾಡನ್ನು ಕೊಟ್ಟ ನಂತರವೂ ಮಾತು ಬರೆದವರು, ಧಾಟಿ ಹಾಕಿದವರು ರಾಯಧನದಲ್ಲಿ ಸಮಪಾಲು ಕೇಳುವ ಹಕ್ಕನ್ನು 2012ರ ತಿದ್ದುಪಡಿ ಕೊಟ್ಟಿದೆ. ಮೊದಲ ಹಾಡುಗಳನ್ನು ಮಾರುವುದಕ್ಕಿಂತ ಎರಡು ಮೂರು ವರ್ಷದ ಪರವಾನಗಿ ಕೊಡುವುದು ಮೇಲು ಎಂದು ನಾನು ಹೇಳುತ್ತೇನೆ. ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ. ಬೇಕೆಂದವರಿಗೆ ಮಾತು ಅಥವಾ ಧಾಟಿಗೆ 500 ರೂಪಾಯಿ, ರೆಕಾರ್ಡಿಂಗಿಗೆ 2,000 ರೂಪಾಯಿ ಶುಲ್ಕವಿದೆ. ಹಾಡು ಬರೆಯುವವರಿಗೂ ಸಂಯೋಜಿಸುವವರಿಗೂ 1969ರಿಂದ ಇರುವ, ರಾಯಧನ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವ ಪಡೆದು ಪ್ರತಿ ಹಾಡನ್ನು ಅಲ್ಲಿ ದಾಖಲಿಸುವುದು ಒಳ್ಳೆಯದು.

ಮನೆಯಲ್ಲಿ ರೆಕಾರ್ಡಿಂಗ್

ಮೊದಲ ಹಾಡುಗಳಿಗಾಗಿ ಬೆಂಗಳೂರಿನ ಸ್ಟುಡಿಯೋಕ್ಕೆ ಹೋಗುವ ಅಗತ್ಯವಿಲ್ಲ. ಲ್ಯಾಪ್‌ಟಾಪ್, ಒಂದೆರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್, ಮೈಕ್, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್, ಮತ್ತು ರೀಪರ್ ಅಥವಾ ಬ್ಯಾಂಡ್‌ಲ್ಯಾಬ್‌ನಂಥ ತಂತ್ರಾಂಶ ಇದ್ದರೆ ದನಿಯನ್ನು ಮನೆಯಲ್ಲಿಯೇ ಹಿಡಿಯಬಹುದು. ಕಂಡೆನ್ಸರ್ ಮೈಕಿಗೆ ಇಂಟರ್‌ಫೇಸಿನಿಂದ 48 ವೋಲ್ಟ್ ವಿದ್ಯುತ್ ಬೇಕಾಗುತ್ತದೆ, ಅದು ಸೂಕ್ಷ್ಮವಾಗಿ ಹಿಡಿಯುತ್ತದೆ, ಜೊತೆಗೆ ಓಣಿಯ ಸದ್ದನ್ನೂ ಹಿಡಿಯುತ್ತದೆ. ರಸ್ತೆಯ ಪಕ್ಕದ ಮನೆಯವರು ವೇದಿಕೆಯ ಶ್ಯೂರ್ ಎಸ್‌ಎಂ 58ನಂಥ ಡೈನಮಿಕ್ ಮೈಕಿನಲ್ಲಿಯೇ ಹಾಡುವುದು ಲೇಸು.

ಮೈಕಿಗಿಂತ ಕೋಣೆ ಮುಖ್ಯ. ಟೈಲ್ಸ್ ಹಾಕಿದ ಕಾಂಕ್ರೀಟ್ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಝಣ್ ಎಂದು ಮರುದನಿ ಬರುತ್ತದೆ, ಆ ಮರುದನಿ ಒಮ್ಮೆ ರೆಕಾರ್ಡಿನಲ್ಲಿ ಸೇರಿದರೆ ತೆಗೆಯಲು ಬಾರದು. ಅದಕ್ಕೆ ನಮ್ಮ ಮನೆಗಳಲ್ಲಿ ಇರುವ ಕೌದಿಯೇ ಮದ್ದು. ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದ ದಪ್ಪನೆಯ ಕೌದಿಗಳನ್ನು ಹಾಡುವವರ ಬೆನ್ನ ಹಿಂದೆಯೂ ಎರಡು ಪಕ್ಕಗಳಲ್ಲಿಯೂ ಹಗ್ಗ ಕಟ್ಟಿ, ಗೋಡೆಗೆ ಅಂಟದಂತೆ ತುಸು ಮುಂದಕ್ಕೆ ತೂಗುಹಾಕಬೇಕು. ಮೈಕು ಹಾಡುವವರ ಕಡೆಗೆ ಮುಖ ಮಾಡಿರುವುದರಿಂದ ಬೆನ್ನ ಹಿಂದಿನ ಗೋಡೆಯ ಸದ್ದೇ ಅದಕ್ಕೆ ಹೆಚ್ಚು ಕೇಳಿಸುತ್ತದೆ. ಬಹಳ ಜನ ಮೈಕಿನ ಹಿಂದೆ ಮಾತ್ರ ಬಟ್ಟೆ ಕಟ್ಟಿ ಸುಮ್ಮನಾಗುತ್ತಾರೆ. ಕೌದಿ ತೀಕ್ಷ್ಣ ಸದ್ದನ್ನು ಹೀರುತ್ತದೆ, ಖರ್ಜದ ಗುಂಗನ್ನು ಹೀರುವುದಿಲ್ಲ, ಆದ್ದರಿಂದ ಕೋಣೆಯ ಮೂಲೆಯಲ್ಲಿ ನಿಂತು ಹಾಡಬಾರದು. ಗದಗಿನ ಕಡೆಯ ದಪ್ಪ ಮಣ್ಣಿನ ಗೋಡೆಯ ಮಾಳಿಗೆ ಮನೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಹೊರಗಿನ ಸದ್ದು ಒಳಗೆ ಬರುವುದೇ ಇಲ್ಲ. ತಗಡಿನ ಮನೆಯಲ್ಲಿ ಆಷಾಢದ ಮಳೆ ಬಿಡುವು ಕೊಟ್ಟ ಹೊತ್ತನ್ನು ನೋಡಿಕೊಂಡು ಹಾಡಬೇಕು. ಫ್ಯಾನು, ಫ್ರಿಜ್ಜು ಆರಿಸಿರಬೇಕೆಂದು ಬೇರೆ ಹೇಳಬೇಕಿಲ್ಲ.

ಮೈಕಿನಿಂದ ಬಾಯಿಗೆ ಒಂದು ಗೇಣು ದೂರವಿರಲಿ. ಪ, ಫ, ಭ ಅಕ್ಷರಗಳ ಉಸಿರು ಮೈಕಿಗೆ ನೇರವಾಗಿ ಬಡಿಯದಂತೆ ಪಾಪ್ ಫಿಲ್ಟರ್ ಇಟ್ಟು ತುಸು ಓರೆಯಾಗಿ ನಿಲ್ಲಬೇಕು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಅತಿ ಜೋರಿನ ಸಾಲಿನಲ್ಲೂ ಮೀಟರು ಮೈನಸ್ 6 ಡೆಸಿಬಲ್ ದಾಟದಂತೆ ಇಂಟರ್‌ಫೇಸಿನ ಗೇನ್ (ಮೈಕಿನ ದನಿಯನ್ನು ಏರಿಸಿ ಇಳಿಸುವ ಗುಂಡಿ) ಇಡಬೇಕು. ಸಾಲು ಸಾಲಾಗಿ ತುಂಡರಿಸಿ ಹಾಡುವ ಬದಲು ಇಡೀ ಚರಣವನ್ನು ಮೂರು ನಾಲ್ಕು ಸಲ ಹಾಡಿ, ಅವುಗಳಲ್ಲಿ ಒಂದನ್ನು ಮುಖ್ಯವಾಗಿ ಇಟ್ಟುಕೊಂಡು ಕೆಟ್ಟ ಪದಗಳನ್ನು ಮಾತ್ರ ಬೇರೆ ಸರದಿಯಿಂದ ತರಬೇಕು. ಹಾಗೆ ಮಾಡಿದಾಗ ಉಸಿರಿನ ಏರಿಳಿತ ಉಳಿಯುತ್ತದೆ. ಶ್ರುತಿ ತಿದ್ದುವ ತಂತ್ರಾಂಶವನ್ನು ಅತಿ ವೇಗಕ್ಕೆ ಇಟ್ಟರೆ ಮೀಂಡು, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಡೆ, ಮೆಟ್ಟಿಲುಮೆಟ್ಟಿಲಾಗಿ ಒಡೆಯುತ್ತದೆ. ಹಿಂದೂಸ್ತಾನಿ ಕೇಳಿ ಬೆಳೆದ ನಮ್ಮ ಗಂಟಲಿನ ಸೊಗಸೇ ಆ ಮೀಂಡು, ಅದನ್ನು ಯಂತ್ರಕ್ಕೆ ಒಪ್ಪಿಸಬಾರದು. ಮಿಕ್ಸಿಂಗನ್ನು ಮಾತ್ರ ಬೇರೆಯವರಿಂದ ಮಾಡಿಸಿ. ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ತಂದು ನುಡಿಸುವುದರಿಂದ, ಬೇರೆಯವರಿಗಿಂತ ಜೋರಾಗಬೇಕೆಂದು ಹಾಡನ್ನು ಹಿಂಡಿದರೆ ಜೋರಂತೂ ಆಗುವುದಿಲ್ಲ, ಜೀವ ಮಾತ್ರ ಹೋಗುತ್ತದೆ.

ಬಿಡುಗಡೆ

ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ರೂಟ್‌ನೋಟ್‌ನಂಥ ವಿತರಕರ ಮೂಲಕ ಹಾಡು ಸ್ಪಾಟಿಫೈ, ಜಿಯೋಸಾವನ್, ಆ್ಯಪಲ್ ಮ್ಯೂಸಿಕ್ ಮುಂತಾದ ಎಲ್ಲ ಕಡೆಗೂ ಹೋಗುತ್ತದೆ. ಕೆಲವರು ವಾರ್ಷಿಕ ಶುಲ್ಕ ಕೇಳುತ್ತಾರೆ, ಕೆಲವರು ಗಳಿಕೆಯಲ್ಲಿ ಪಾಲು ಕೇಳುತ್ತಾರೆ. ವೇವ್ ಫೈಲ್, 3000 ಪಿಕ್ಸೆಲ್ ಚೌಕದ ಮುಖಚಿತ್ರ, ಎಲ್ಲರ ಹೆಸರು, ಪೂರ್ತಿ ಸಾಹಿತ್ಯ ಸಿದ್ಧವಿಟ್ಟುಕೊಂಡು ಮೂರು ನಾಲ್ಕು ವಾರ ಮೊದಲೇ ಸಲ್ಲಿಸಬೇಕು. ಸ್ಪಾಟಿಫೈ ಸಂಪಾದಕರ ಪಟ್ಟಿಗೆ ಹಾಡನ್ನು ಕಳಿಸಲು ಬಿಡುಗಡೆಗೆ ಕನಿಷ್ಠ 7 ದಿನ ಇರಬೇಕು. ಪ್ರತಿ ರೆಕಾರ್ಡಿಂಗಿಗೆ ಅದರ ಗುರುತಾಗಿ ಸಿಗುವ, ಅಕ್ಷರ ಮತ್ತು ಅಂಕಿ ಸೇರಿ 12 ಚಿಹ್ನೆಗಳ ಐಎಸ್‌ಆರ್‌ಸಿ ಸಂಕೇತವನ್ನು ಆ ಹಾಡಿನ ಹಾಳೆಯಲ್ಲಿ ಬರೆದಿಡಿ. ನಿಮ್ಮ ಹೆಸರಿನ ಕಾಗುಣಿತ ಎಲ್ಲ ಕಡೆಯೂ ಒಂದೇ ಇರಲಿ.

ಇದರಿಂದ ಬೇಗ ಹಣ ಬರುತ್ತದೆಂದು ಎಣಿಸಬೇಡಿ. 2024ರಿಂದ ಸ್ಪಾಟಿಫೈ, ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಲ್ಪಡದ ಹಾಡಿಗೆ ಹಣವನ್ನೇ ಕೊಡುವುದಿಲ್ಲ. ಯೂಟ್ಯೂಬಿನ ಜಾಹೀರಾತಿನ ಪಾಲಿಗೆ 1,000 ಚಂದಾದಾರರೂ, ಒಂದು ವರ್ಷದಲ್ಲಿ 4,000 ತಾಸುಗಳ ವೀಕ್ಷಣೆಯೂ (ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ) ಬೇಕು. ಹಣ ಕೊಟ್ಟು ಸಂಖ್ಯೆ ಏರಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಕಿವಿಗೊಡಬಾರದು, ಹಾಡೇ ತೆಗೆದುಹಾಕಲ್ಪಡಬಹುದು. ಧಾರವಾಡ ಆಕಾಶವಾಣಿ 1950ರಿಂದ ಈ ಭಾಗದ ದನಿಗಳನ್ನು ಕೇಳಿಸುತ್ತ ಬಂದಿದೆ. ಅಲ್ಲಿನ ಸುಗಮ ಸಂಗೀತದ ಧ್ವನಿಪರೀಕ್ಷೆಗೆ ಅರ್ಜಿ ಹಾಕುವುದನ್ನು ಹೊಸಬರು ಹಳೆಯ ಕಾಲದ ಮಾತೆಂದು ಬಿಡದಿರಲಿ.

ಒಬ್ಬರೇ ವೇದಿಕೆಯ ಮೇಲೆ

ತಂಡವಿಲ್ಲದೆ ನಿಲ್ಲುವಾಗ ಗಿಟಾರಿನೊಡನೆ ಹಾಡಬಹುದು, ಒಬ್ಬ ತಬಲಾದವರನ್ನು ಜೊತೆಗೆ ಕರೆದೊಯ್ಯಬಹುದು, ನಿಮ್ಮದೇ ಟ್ರ್ಯಾಕ್ ಬಳಸಬಹುದು. ಟ್ರ್ಯಾಕ್ ಬಳಸುವುದಾದರೆ ಎಡಗಡೆ ಕ್ಲಿಕ್ (ತಾಳ ತೋರಿಸುವ ಟಿಕ್ ಟಿಕ್ ಸದ್ದು), ಬಲಗಡೆ ವಾದ್ಯ ಬರುವಂತೆ ಫೈಲ್ ಮಾಡಿಕೊಂಡು, ಕ್ಲಿಕ್ ನಿಮ್ಮ ಕಿವಿಗೆ ಮಾತ್ರ ಬರುವಂತೆ ಸೌಂಡಿನವರಿಗೆ ತಿಳಿಸಬೇಕು. ಫೈಲುಗಳು ಎರಡು ಫೋನಿನಲ್ಲಿರಲಿ, ಎರಡೂ ಏರೋಪ್ಲೇನ್ ಮೋಡಿನಲ್ಲಿರಲಿ.

ನಮ್ಮ ಕಡೆ ಸನ್ಮಾನ, ಭಾಷಣಗಳಿಂದ ಕಾರ್ಯಕ್ರಮ ತಡವಾಗುವುದು ಸಾಮಾನ್ಯ, ಆದರೆ ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿಷೇಧವಿದೆ. ಸರ್ಕಾರ ಹಬ್ಬಗಳಿಗೆ ವಿನಾಯಿತಿ ಕೊಟ್ಟ ಕೆಲವೇ ದಿನಗಳಲ್ಲಿ ಮಧ್ಯರಾತ್ರಿಯವರೆಗೆ ಅವಕಾಶ. ಒಂದು ತಾಸು ಹಾಡಬೇಕೆಂದು ಹೋದವರಿಗೆ ಇಪ್ಪತ್ತು ನಿಮಿಷ ಸಿಗುವುದುಂಟು. ಆದ್ದರಿಂದ ಇಪ್ಪತ್ತು ನಿಮಿಷದ್ದೊಂದು, ಮುಕ್ಕಾಲು ತಾಸಿನದ್ದೊಂದು ಎಂದು ಎರಡು ಪಟ್ಟಿ ಸಿದ್ಧವಿರಬೇಕು, ಸಣ್ಣ ಪಟ್ಟಿಯಲ್ಲಿಯೂ ಎರಡು ಸ್ವಂತ ಹಾಡು ಇರಲೇಬೇಕು. ಮೊದಲ ವರ್ಷ ಜನರಿಗೆ ಗೊತ್ತಿರುವ ಹಾಡುಗಳ ನಡುವೆ ಸ್ವಂತದ್ದನ್ನು ಇಡಿ, ಮೊದಲನೆಯದಾಗಿಯೂ ಬೇಡ, ಕೊನೆಯದಾಗಿಯೂ ಬೇಡ. ಹಾಡುವ ಮುನ್ನ ಅದು ಯಾವುದರ ಬಗ್ಗೆ ಎಂದು ಎರಡು ಮಾತು ಹೇಳಿ, ಪಲ್ಲವಿಯನ್ನು ಜನರಿಂದ ಒಮ್ಮೆ ಹೇಳಿಸಿ.

ಸಂಭಾವನೆಯನ್ನು ನಾಚದೆ ಮೊದಲೇ ಮಾತಾಡಬೇಕು. ತಾರೀಕು, ಸಮಯ, ಅವಧಿ, ಸೌಂಡ್ ಯಾರದು, ಪ್ರಯಾಣ ಮತ್ತು ಊಟ ಯಾರದು ಎಂಬುದನ್ನು ವಾಟ್ಸ್ಆ್ಯಪಿನಲ್ಲಿ ಬರೆದು ಕಳಿಸಿ, ಅರ್ಧ ಹಣ ಮುಂಗಡ ಬಂದ ಮೇಲೆ ತಾರೀಕು ಖಚಿತಪಡಿಸಿ. ಜೊತೆಗೆ ನುಡಿಸಿದವರಿಗೆ ಅದೇ ರಾತ್ರಿ ಕೊಟ್ಟುಬಿಡಿ. ಪ್ರಚಾರ ಸಿಗುತ್ತದೆ ಎಂದು ಪುಕ್ಕಟೆ ಕರೆಯುವವರಿಗೆ ವಿನಯದಿಂದಲೇ ಇಲ್ಲವೆನ್ನಬೇಕು. ಮಠದ ಸೇವೆಗೋ ಓದಿದ ಶಾಲೆಗೋ ನೀವಾಗಿಯೇ ಒಪ್ಪಿ ಹಾಡುವುದು ಬೇರೆ ಮಾತು.

ಸ್ವಂತ ಕಾರ್ಯಕ್ರಮದ ತಾರೀಕೂ ತಂಡದ ತಾರೀಕೂ ಪದೇ ಪದೇ ಒಂದೇ ದಿನ ಬರತೊಡಗಿದಾಗ ತಂಡ ಬಿಡುವ ಕಾಲ ಬಂತೆಂದು ತಿಳಿಯಬೇಕು. ಆಗಲೂ ಗಣಪತಿ, ದಸರೆಗಳ ಒಪ್ಪಂದಗಳನ್ನು ಮುಗಿಸಿಕೊಟ್ಟು ದೀಪಾವಳಿಯ ನಂತರ ಹೊರಬರುವುದು ಸರಿಯಾದ ಕ್ರಮ. ನಿಮ್ಮ ಜಾಗಕ್ಕೆ ಬರುವ ಗಾಯಕರಿಗೆ ನೀವು ಹಾಡುತ್ತಿದ್ದ ಹಾಡುಗಳ ಪಟ್ಟಿಯನ್ನು, ಪ್ರತಿಯೊಂದರ ಶ್ರುತಿ ಮತ್ತು ಎಲ್ಲಿ ಕತ್ತರಿಸಿ ಎಲ್ಲಿಗೆ ಹೋಗುತ್ತೀರಿ ಎಂಬ ವಿವರದೊಡನೆ ಬರೆದುಕೊಡಿ, ಸಾಧ್ಯವಾದರೆ ಒಂದೆರಡು ತಾಲೀಮಿಗೆ ಜೊತೆಯಲ್ಲಿ ಕೂತುಕೊಳ್ಳಿ.